ಒಂದೇ ಸೂಜಿಯದು ಬರಲೆಂದು ಕಾಯುವುದೇ?

“ಅಕ್ಕಾ, ಒಂದೇ ಸೂಜಿ ಸಾಕಾಗೋ ಲಸಿಕೆ ಬರ್ತದಂತೆ. ಅದು ಬಂದ್ಮೇಲೆ ಹಾಕ್ಸಿಕೊಂಡ್ರಾಯ್ತು ಬಿಡಿ!”

2021ರ ಮಳೆಗಾಲದಲ್ಲಿ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಹೇಳಿದ ಮಾತಿದು. ಕೋವಿಡ್ ಲಸಿಕೆ ಎರಡು ಸಲ ಹಾಕಿಸಬೇಕು; ಎರಡು ಸಲವೂ ಜ್ವರ, ಮೈಕೈ ನೋವು ಬಂದರೆ ಹಾಲು ಕರೆಯುವವರು ಯಾರು ಎಂಬುದು ಆಕೆಯ ಚಿಂತೆ. ಸುದ್ದಿಯೇನೂ ಸುಳ್ಳಲ್ಲ. ಆ ಆಗಸ್ಟ್‌ನಲ್ಲಿ ಜಾನ್ಸನ್ ಅಂಡ್ ಜಾನ್ಸನ್ ಕಂಪೆನಿಯ ಒಂದೇ ಡೋಸಿನ ಲಸಿಕೆಗೆ ನಮ್ಮ ದೇಶದಲ್ಲಿ ತುರ್ತು ಅನುಮತಿ ಸಿಕ್ಕಿತ್ತು. ಆದರೆ ನಮ್ಮ ಆರೋಗ್ಯ ಕೇಂದ್ರಕ್ಕೆ ಅದು ಬರಲೇ ಇಲ್ಲ. ಅಲ್ಲಿದ್ದದ್ದು ಎರಡು ಡೋಸಿನ ಕೋವಿಶೀಲ್ಡ್.

ನಾನು ಆಕೆಯನ್ನು ನೋಡಿ ನಗಲಿಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿಯ ನಮಗೆ ಸೂಜಿಯ ಲೆಕ್ಕ ಹೊಸದೇ? 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಗೆ 1990ರಿಂದ ಲಸಿಕೆ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು, ಆರರಿಂದ ಒಂಬತ್ತು ತಿಂಗಳೊಳಗೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಒಂದೊಂದು! ಚುಚ್ಚಿದ ಜಾಗ ಉರಿಯೋ ಉರಿ. ಒಂದಕ್ಕೇ ಕೈಮುಗಿದವರಲ್ಲಿ ನಾನೂ ಒಬ್ಬಳು. ಆಮೇಲೆ ಸೊಪ್ಪಿಗೆ ಹೋಗಿ ಬಂದು ಮೈ ಬೆಚ್ಚಗಾದರೆ ಸಾಕು, ಎದೆ ಧಸಕ್ಕೆನ್ನುತ್ತಿತ್ತು.

2005ರಿಂದ 2010ರವರೆಗಿನ ಅಧ್ಯಯನದಲ್ಲಿ ಎರಡು ಡೋಸಿನಿಂದ ಶೇ. 62ರಷ್ಟು, ಬೂಸ್ಟರ್ ಸೇರಿದರೆ ಸುಮಾರು ಶೇ. 83ರಷ್ಟು ರಕ್ಷಣೆ ಕಂಡುಬಂತು. ಅರ್ಧಕ್ಕೆ ಬಿಟ್ಟ ಲಸಿಕೆ ಅರ್ಧ ಬೆಂದ ಅನ್ನವಿದ್ದಂತೆ. ಮುಂದೆ ಆ ಲಸಿಕೆಯ ಶಕ್ತಿಯೇ ಸಾಲದೆಂದು ತಿಳಿದು, 2022ರಲ್ಲಿ ಕೊಡುವುದನ್ನು ನಿಲ್ಲಿಸಿದರು. ಹೊಸದರ ತಯಾರಿ ನಡೆದಿದೆ. ಅಲ್ಲಿಯತನಕ ಕಾಡಿಗೆ ಹೊರಡುವ ಮುಂಚೆ ಕೈಕಾಲಿಗೆ ಆರೋಗ್ಯ ಇಲಾಖೆಯ ಡೆಪಾ ಎಣ್ಣೆ ಹಚ್ಚಿ, ಮೈತುಂಬ ಬಟ್ಟೆ ಹಾಕಿ. ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಜ್ವರ, ತಲೆನೋವು ಬಂದರೆ ಕಷಾಯ ಕುಡಿಯುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಯಾವುದೇ ಲಸಿಕೆ ಬರಲಿ, ಹೀಗೆ ಕೇಳಿ: ಇದು ಎಷ್ಟು ಡೋಸಿಗೆ ಪೂರ್ಣ? ಎಷ್ಟು ಕಾಲ ಕಾಯುತ್ತದೆ? ಬಸುರಿ, ಬಾಣಂತಿ, ಅಲರ್ಜಿ ಇದ್ದವರು ಹಾಕಿಸಬಹುದೇ? ಸೂಜಿ ಒಂದೋ ಎರಡೋ ಎಂಬುದು ಆಮೇಲಿನ ಮಾತು. ಕಾಯಿಲೆ ಊರಬಾಗಿಲಿಗೆ ಬಂದಾಗ, ಬಾರದ ಲಸಿಕೆಗಿಂತ ಕೈಗೆ ಸಿಕ್ಕಿದ್ದೇ ಮೇಲು.

ಅಂದ ಹಾಗೆ, ಪಕ್ಕದ ಮನೆಯಾಕೆಗೆ ನಾನು ಉಪದೇಶ ಮಾಡಲಿಲ್ಲ. “ಎರಡು ದಿನ ನಿನ್ನ ದನ ನಾನು ಕರೀತೀನಿ, ನಡಿ” ಎಂದೆ. ಮರುದಿನವೇ ಹೊರಟಳು, ಎರಡನೆಯದನ್ನೂ ತಪ್ಪಿಸಲಿಲ್ಲ.