ಚಳಿಗೂ ಬಿಸಿಲಿಗೂ ಅಂಜದ ಹಿಪ್ಪುನೇರಳೆ



ಬ್ಲೂಬೆರಿ ಸಸಿಯನ್ನು ಹಿತ್ತಿಲಲ್ಲಿ ನೆಡಬಹುದೇ ಎಂದು ಪೂಜೆ ಮುಗಿದ ಮೇಲೆ ಕೆಲವರು ಕೇಳುತ್ತಾರೆ. ಚಳಿ ದೇಶದ ಆ ಪೊದೆಗೆ ಹುಳಿ ಮಣ್ಣು ಬೇಕು; ಹೆಚ್ಚಿನ ತಳಿಗಳಿಗೆ ದೀರ್ಘ ಚಳಿಗಾಲವೂ ಬೇಕು. ಪಲ್ಲಡಂ, ಉಡುಮಲಪೇಟೆ ಕಡೆಯ ಸುಣ್ಣದಂಶದ ನೆಲದಲ್ಲಿ ಅದಕ್ಕೆ ಹಣ ಸುರಿಯುವುದು ಬೇಡವೆಂದೇ ನನ್ನ ಅಭಿಪ್ರಾಯ. ಹಿಮ ಬೀಳುವ ನಾಡಿನಲ್ಲೂ ಬಾಳುವ, ನಮ್ಮ ಏಪ್ರಿಲ್ ಬಿಸಿಲನ್ನೂ ತಾಳುವ ಹಣ್ಣಿನ ಗಿಡ ನಮ್ಮ ಹೊಲಗಳಲ್ಲೇ ಇದೆ. ಅದು ರೇಷ್ಮೆ ಹುಳುವಿಗೆ ಸೊಪ್ಪು ಕೊಡುವ ಹಿಪ್ಪುನೇರಳೆ. ಸೊಪ್ಪಿಗೆಂದು ಪದೇ ಪದೇ ಕೊಯ್ಯುವುದರಿಂದ ಅದರ ಹಣ್ಣು ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. (ಸಂತ ಲೂಕರ ಶುಭಸಂದೇಶ 17:6ರಲ್ಲಿ ಸಾಸಿವೆ ಕಾಳಿನೊಡನೆ ಬರುವ ಮರದ ಗ್ರೀಕ್ ಹೆಸರು ಕಪ್ಪು ಹಿಪ್ಪುನೇರಳೆಯದೆಂದು ಅನೇಕ ಪಂಡಿತರ ಮತ.)

ಹಣ್ಣು ಬಿಡುವುದನ್ನು ಕಣ್ಣಾರೆ ಕಂಡ ಗಿಡದಿಂದಲೇ ಕಡ್ಡಿ ತನ್ನಿ. ಇದರಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ ಗಿಡಗಳಲ್ಲಿ ಇರುವುದುಂಟು; ಗಂಡು ಗಿಡದ ಕಡ್ಡಿ ನೆಟ್ಟವರಿಗೆ ಸೊಪ್ಪೇ ಗತಿ. 6ರಿಂದ 8 ತಿಂಗಳು ಬಲಿತ, ಪೆನ್ಸಿಲ್ ದಪ್ಪದ, 3–4 ಕಣ್ಣುಗಳಿರುವ ಗೇಣುದ್ದದ ಕಡ್ಡಿ ಸಾಕು. ಹಿಂಗಾರು ಮಳೆಯಲ್ಲಿ ನೆಡಿ. ಬಟ್ಟೆ ಒಣಹಾಕುವ ತಂತಿಯ ಹತ್ತಿರ ಮಾತ್ರ ಬೇಡ. ಮೊದಲ ಪರಮಪ್ರಸಾದದ ಬಿಳಿ ಉಡುಪಿಗೆ ತಾಗಿದ ಕಲೆ ಸುಲಭವಾಗಿ ಹೋಗದು.

ಎಲೆಯ ಮೇಲೆ ಬಿಳಿ ಹಿಟ್ಟಿನಂಥ ತಿಗಣೆ ಕಂಡೊಡನೆ ಔಷಧಿ ಡಬ್ಬಿಗೆ ಕೈ ಹಾಕಬೇಡಿ. 2008ರಲ್ಲಿ ಕೊಯಮತ್ತೂರಿನಲ್ಲಿ ಪತ್ತೆಯಾದ ಪಪ್ಪಾಯಿ ಹಿಟ್ಟು ತಿಗಣೆ ಮರುವರ್ಷ ನಮ್ಮ ಹಿಪ್ಪುನೇರಳೆ ತೋಟಗಳನ್ನು ಹಾಳುಗೆಡವಿತು. ಮೈಮೇಲೆ ಮೇಣದ ಹೊದಿಕೆ ಇದ್ದುದರಿಂದ ಎಷ್ಟು ಸಿಂಪಡಿಸಿದರೂ ಅದು ಬಗ್ಗಲಿಲ್ಲ. 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ ತೋಟಗಳಿಗೆ ಬಿಟ್ಟ, ಸಾಸಿವೆ ಕಾಳಿಗಿಂತ ಚಿಕ್ಕ ಕಣಜವೊಂದು ಅದನ್ನು ಅಡಗಿಸಿತು. ನಾವು ವಿಷ ಹೊಡೆದರೆ ಸಾಯುವುದು ಆ ಕಣಜವೂ ಹೌದು. ಪಕ್ಕದವರು ರೇಷ್ಮೆ ಹುಳು ಸಾಕುತ್ತಿದ್ದರಂತೂ ಗಾಳಿಯಲ್ಲಿ ತೇಲಿ ಸೊಪ್ಪಿಗೆ ತಾಗಿದ ವಿಷದಿಂದ ಅವರ ಇಡೀ ಬೆಳೆ ಹೋದೀತು, ಉಳಿಯುವುದು ಸಾಲ. ಮುದುಡಿದ ತುದಿಗಳನ್ನು ಚಿವುಟಿ ಸುಟ್ಟುಬಿಡಿ.

100 ಗ್ರಾಂ ಹಣ್ಣಿನಲ್ಲಿ ಸುಮಾರು 36 ಮಿಲಿಗ್ರಾಂ ಸಿ ಜೀವಸತ್ವವೂ 2 ಮಿಲಿಗ್ರಾಮಿಗೆ ತುಸು ಕಡಿಮೆ ಕಬ್ಬಿಣವೂ ಇದೆ. ಮಕ್ಕಳಿಗೆ ಒಳ್ಳೆಯದೇ. ಆದರೆ ರಕ್ತಹೀನತೆ ಇರುವ ತಾಯಂದಿರು ಹಣ್ಣು ತಿನ್ನುತ್ತೇವೆಂದು ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ನಿಲ್ಲಿಸಲೇಬಾರದು. ಬಲಿಯದ ಕಾಯಿ ಹೊಟ್ಟೆ ಕೆಡಿಸುತ್ತದೆ.

ಗುರುಮನೆಯ ಬಾವಿಯ ಬಳಿಯ ಗಿಡ ಹಣ್ಣು ಬಿಡುವಂಥದ್ದೇ. ಮಳೆ ಹಿಡಿದೊಡನೆ ಅದನ್ನು ಸವರಲಿದ್ದೇವೆ. ಕಡ್ಡಿ ಬೇಕಾದವರು ಒದ್ದೆ ಗೋಣಿಚೀಲ ತನ್ನಿ.