ಮಾರ್ಗಪಟ್ಟಿಯ ಪ್ರತಿಲಿಪಿ

ಕಂಪ್ಯೂಟರಿನಿಂದ ಹೊರಡುವ ಪ್ರತಿಯೊಂದು ಪ್ಯಾಕೆಟ್ಟೂ ಮೊದಲು ಮಾರ್ಗಪಟ್ಟಿಯನ್ನು ವಿಚಾರಿಸಬೇಕು. ಇಂಥ ವಿಳಾಸಕ್ಕೆ ಇಂಥ ಸಾಧನದ ಮೂಲಕ, ಇಂಥ ದ್ವಾರವನ್ನು ಹಾಯ್ದು ಹೋಗು ಎಂದು ಅದು ತಿಳಿಸುತ್ತದೆ. ಲಿನಕ್ಸ್ ಕಾರ್ಯವ್ಯವಸ್ಥೆಯಲ್ಲಿ 2008ರ ಸುಮಾರಿಗೆ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಏರ್ಪಾಡು ಬಂದಿತು. ಅದರಿಂದಾಗಿ ಕಂಟೇನರ್ ಎಂಬ ಪ್ರತ್ಯೇಕ ಕೋಣೆಯೊಳಗೆ ನಡೆಯುವ ಪ್ರೋಗ್ರಾಮಿಗೆ ತನ್ನದೇ ಆದ ಮಾರ್ಗಪಟ್ಟಿಯಿರುತ್ತದೆ. ಆತಿಥೇಯ ಯಂತ್ರದ ಪಟ್ಟಿ ಅದಕ್ಕೆ ಕಾಣಿಸದು. ಹೊಸ ಕೋಣೆಯಲ್ಲಿರುವುದು ತನ್ನೊಡನೆ ತಾನೇ ಮಾತನಾಡಿಕೊಳ್ಳುವ ಲೂಪ್‌ಬ್ಯಾಕ್ ಸಾಧನವೊಂದೇ, ಅದೂ ನಿದ್ರಾವಸ್ಥೆಯಲ್ಲಿ.

ಹಾಗಾದರೆ ಕೋಣೆಯವನಿಗೆ ಹೊರಜಗತ್ತಿನ ದಾರಿ ತಿಳಿಯುವುದು ಹೇಗೆ? ಒಳಗೊಂದು ಕೃತಕ ಜಾಲಸಾಧನವನ್ನಿಟ್ಟು, ಆತಿಥೇಯನ ವಿಳಾಸವನ್ನೂ ಮಾರ್ಗಗಳನ್ನೂ ಅದಕ್ಕೆ ನಕಲು ಮಾಡುವುದು ಒಂದು ಉಪಾಯ. ಪಾಸ್ತಾ ಎಂಬ ಪ್ರೋಗ್ರಾಮು ಹೀಗೆಯೇ ಮಾಡುತ್ತದೆ. (ಹೆಸರು ಇಟಲಿಯ ತಿನಿಸಿನದು; ಕೆಲಸ ಮಾತ್ರ ಶುಷ್ಕವಾದುದು.) 2024ರಲ್ಲಿ ಬಂದ ಪಾಡ್‌ಮ್ಯಾನ್ 5.0, ವಿಶೇಷಾಧಿಕಾರವಿಲ್ಲದ ಬಳಕೆದಾರರ ಕಂಟೇನರುಗಳಿಗೆ ಇದನ್ನೇ ರೂಢಿಯ ಕ್ರಮವನ್ನಾಗಿ ಮಾಡಿತು.

ನಕಲೆಂದರೆ ಅಕ್ಷರಶಃ ನಕಲಲ್ಲ. ಆತಿಥೇಯನ ಸಾಧನಸಂಖ್ಯೆಯ ಸ್ಥಾನದಲ್ಲಿ ಕೋಣೆಯ ಸಾಧನಸಂಖ್ಯೆಯನ್ನು ಬರೆಯಬೇಕು. ಇದು ಸುಲಭ. ನಿಜವಾದ ತೊಡಕು ಇರುವುದು ಕ್ರಮದಲ್ಲಿ.

ಒಂದು ಯಂತ್ರದಲ್ಲಿ ಎರಡೇ ಮಾರ್ಗಗಳಿವೆಯೆಂದು ಭಾವಿಸೋಣ. ಮೊದಲನೆಯದು: 172.31.1.1 ಎಂಬ ದ್ವಾರವನ್ನು ನೇರವಾಗಿ ತಲುಪಬಹುದು. ಎರಡನೆಯದು: ಉಳಿದೆಲ್ಲ ಪ್ಯಾಕೆಟ್ಟುಗಳನ್ನು 172.31.1.1ಕ್ಕೆ ಒಪ್ಪಿಸತಕ್ಕದ್ದು. ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ ಪಟ್ಟಿಯನ್ನು ಓದಿಹೇಳುವಾಗ ‘ಉಳಿದೆಲ್ಲ’ ಎಂಬುದೇ ಸಾಮಾನ್ಯವಾಗಿ ಮೊದಲು ಬರುತ್ತದೆ. ಅದೇ ಕ್ರಮದಲ್ಲಿ ಕೋಣೆಯೊಳಗೆ ಸೇರಿಸಹೋದರೆ, ‘ಈ ದ್ವಾರಕ್ಕೇ ದಾರಿಯಿಲ್ಲವಲ್ಲ’ ಎಂದು ಕರ್ನೆಲ್ ಅದನ್ನು ತಿರಸ್ಕರಿಸುತ್ತದೆ. ಬಳಿಕ ನೇರಮಾರ್ಗವನ್ನು ಮಾತ್ರ ಸ್ವೀಕರಿಸುತ್ತದೆ. ಕೋಣೆಯವನು ದ್ವಾರದವರೆಗೆ ಹೋಗಬಲ್ಲ, ಅದರಾಚೆಗಲ್ಲ!

ಪಾಸ್ತಾ ಕಂಡುಕೊಂಡ ಪರಿಹಾರ ಸರಳವಾದುದು: ಪಟ್ಟಿಯಲ್ಲಿ ಎಷ್ಟು ಮಾರ್ಗಗಳಿವೆಯೋ ಅಷ್ಟು ಸಲ ಇಡೀ ಪಟ್ಟಿಯನ್ನು ಒಪ್ಪಿಸುವುದು. ಆಗಲೇ ಸೇರಿದ ಮಾರ್ಗಕ್ಕೆ ‘ಇದು ಇದೆ’ ಎಂಬ ಉತ್ತರ ಬಂದರೆ ಅದನ್ನು ಉಪೇಕ್ಷಿಸಬಹುದು. ಇಷ್ಟು ಸುತ್ತುಗಳು ಸಾಕೆಂಬುದನ್ನು ನಾವೇ ಸಾಧಿಸಬಹುದು. ಆತಿಥೇಯನಲ್ಲಿ ಈ ಮಾರ್ಗಗಳು ಯಾವುದೋ ಒಂದು ಕ್ರಮದಲ್ಲಿ ಸೇರಿದ್ದವಷ್ಟೆ. ಆ ಕ್ರಮದಲ್ಲಿ ಇನ್ನೂ ಸೇರದವುಗಳ ಪೈಕಿ ಮೊದಲನೆಯದು ಅವಲಂಬಿಸುವ ಮಾರ್ಗಗಳೆಲ್ಲ ಈಗಾಗಲೇ ಒಳಗಿವೆ. ಆದ್ದರಿಂದ ಪ್ರತಿ ಸುತ್ತಿನಲ್ಲಿ ಒಂದಾದರೂ ಸೇರಲೇಬೇಕು. 20 ಮಾರ್ಗಗಳಿಗೆ 20 ಸುತ್ತು, 400 ಕೋರಿಕೆ. ಮನುಷ್ಯನಿಗೆ ಬೇಸರ ತರುವ ಈ ಕೆಲಸ ಯಂತ್ರಕ್ಕೆ ಕ್ಷಣಮಾತ್ರದ್ದು. ಅವಲಂಬನೆಗಳನ್ನು ಮೊದಲೇ ಲೆಕ್ಕಹಾಕಿ ಜೋಡಿಸಬಹುದಿತ್ತು, ನಿಜ. ಆದರೆ ಆಗ ಕರ್ನೆಲ್ಲಿನ ನಿಯಮಗಳನ್ನೆಲ್ಲ ಇನ್ನೊಮ್ಮೆ ಬರೆಯಬೇಕಾಗುತ್ತಿತ್ತು. ನಮಗಂತೂ ಈ ಒರಟು ವಿಧಾನವೇ ಮೇಲೆಂದು ತೋರುತ್ತದೆ.

ನಕಲಾದುದು ನಕ್ಷೆ ಮಾತ್ರ, ರಸ್ತೆಯಲ್ಲ. ಕೋಣೆಯ ಪ್ಯಾಕೆಟ್ಟುಗಳು ಕೃತಕ ಸಾಧನದಲ್ಲಿ ಬಂದು ಬಿದ್ದಾಗ, ಪಾಸ್ತಾ ಸಾಮಾನ್ಯ ಬಳಕೆದಾರನ ಹಕ್ಕಿನಿಂದಲೇ ಹೊರಗೆ ಬೇರೊಂದು ಸಂಪರ್ಕವನ್ನು ತೆರೆದು ಅವುಗಳ ಸಾರವನ್ನು ಮುಂದಕ್ಕೆ ಸಾಗಿಸುತ್ತದೆ. ಅಲ್ಲದೆ, ಆ ನಕ್ಷೆ ನಕಲು ತೆಗೆದ ಗಳಿಗೆಯದು. ಯಂತ್ರವು ಜಾಲಕ್ಕೆ ಸೇರುವ ಮೊದಲೇ ಕಂಟೇನರ್ ಆರಂಭವಾದರೆ ನಕಲಿಸಲು ಮಾರ್ಗಗಳೇ ಇರುವುದಿಲ್ಲ. ಆದ್ದರಿಂದ ಇಂಥ ಕಂಟೇನರುಗಳನ್ನು ಜಾಲಸಂಪರ್ಕ ಸಿದ್ಧವಾದ ನಂತರವೇ ಆರಂಭಿಸಬೇಕಾಗುತ್ತದೆ.