ತೋಟವನ್ನೇ ಕಲಿಯಲು ಹೊರದೇಶಕ್ಕೆ

ಹೊರದೇಶಕ್ಕೆ ಓದಲು ಹೋದ ಮಕ್ಕಳು ತೋಟಕ್ಕೆ ಹಿಂದಿರುಗುವುದಿಲ್ಲವೆಂಬುದು ನಮ್ಮ ಬೆಳೆಗಾರರ ಮನೆಗಳಲ್ಲಿ ಹಳೆಯ ಕೊರಗು. ಆದರೆ ತೋಟದ ಕೆಲಸವನ್ನೇ ಕಲಿಯಲೆಂದು ಆಫ್ರಿಕಾದಿಂದಲೂ ಲ್ಯಾಟಿನ್ ಅಮೆರಿಕದ ನಾನಾ ದೇಶಗಳಿಂದಲೂ ಹುಡುಗ ಹುಡುಗಿಯರು ಹೋಗಿ ಸೇರುವ ಸ್ಥಳವೊಂದಿದೆ. ಅದು ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದಲ್ಲಿ, ಗ್ವಾಸಿಮೊ ಎಂಬಲ್ಲಿರುವ ಅರ್ಥ್ ವಿಶ್ವವಿದ್ಯಾಲಯ. 1986ರಲ್ಲಿ ಕಾನೂನಿನ ಮೂಲಕ ಸ್ಥಾಪಿತವಾಗಿ 1990ರಲ್ಲಿ ತರಗತಿಗಳನ್ನು ಆರಂಭಿಸಿತು. ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆ. ಅದರ ಕಷ್ಟಸುಖವನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ವ್ಯಾಸಂಗ ನಾಲ್ಕು ವರ್ಷ, ಬೋಧನೆ ಸ್ಪ್ಯಾನಿಷ್ ಭಾಷೆಯಲ್ಲಿ. ಪುಸ್ತಕದ ಪಾಠದೊಂದಿಗೆ ಹೊಲದಲ್ಲಿ ಮೈಮುರಿದು ದುಡಿಯುವುದೂ ಕಡ್ಡಾಯ. ಆದರೆ ನಮಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಅಲ್ಲಿನ ಸಾಲದ ಪಾಠ. ವಿದ್ಯಾರ್ಥಿಗಳು ಕೆಲವರು ಗುಂಪಾಗಿ ಒಂದು ಸಣ್ಣ ಉದ್ಯಮ ಕಟ್ಟಬೇಕು. ಯಾವ ಬೆಳೆ ಅಥವಾ ಯಾವ ಪದಾರ್ಥ, ಖರ್ಚೆಷ್ಟು, ಕೊಳ್ಳುವವರು ಯಾರು, ಮಣ್ಣು ನೀರಿಗೆ ಹಾನಿಯುಂಟೇ ಎಂದು ಮೊದಲೇ ಬರೆದು ಒಪ್ಪಿಸಬೇಕು. ಅದು ಮಂಜೂರಾದರೆ ವಿಶ್ವವಿದ್ಯಾಲಯವೇ ಸಾಲ ಕೊಡುತ್ತದೆ. ಬೆಳೆದು, ಮಾರಿ, ಸಾಲವನ್ನು ಬಡ್ಡಿಸಹಿತ ತೀರಿಸಿ, ಉಳಿದ ಲಾಭವನ್ನು ಹಂಚಿಕೊಂಡು, ಲೆಕ್ಕ ಮುಗಿಸಿ ಉದ್ಯಮವನ್ನು ಮುಚ್ಚಬೇಕು. ಇಪ್ಪತ್ತು ವರ್ಷದ ಹುಡುಗನೊಬ್ಬ ಹೀಗೆ ಒಮ್ಮೆ ನಷ್ಟದ ರುಚಿ ಕಂಡರೆ ರಸೀದಿಯನ್ನು ಎಸೆಯುವ ಅಭ್ಯಾಸ ತಾನಾಗಿ ಬಿಡುತ್ತದೆ. (ನಮ್ಮ ಕೆಲವು ಹಿರಿಯ ಸದಸ್ಯರಿಗೂ ಈ ಪಾಠ ಆಗಬಹುದಿತ್ತು!)

ಅಲ್ಲಿ ವಾಣಿಜ್ಯ ಬಾಳೆ ತೋಟವೂ ಇದೆ. ಕೊಳೆರೋಗಕ್ಕೆ ನಾವು ಅಡಿಕೆ ಕೊನೆಗೆ ಕೊಟ್ಟೆ ಕಟ್ಟುವಂತೆ, ಕೀಟ ತಡೆಯಲು ಅಲ್ಲಿನವರು ಬಾಳೆಗೊನೆಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸುತ್ತಾರೆ. ಹಿಂದೆ ಆ ಚೀಲಗಳು ಹಳ್ಳ ಹೊಳೆ ಸೇರುತ್ತಿದ್ದವು. ವಿದ್ಯಾಲಯದ ತೋಟದಲ್ಲಿ ಅವನ್ನು ಒಟ್ಟುಮಾಡಿ ಮರುಬಳಕೆಗೆ ಕಳಿಸುವ ಪದ್ಧತಿ ಬಂತು. ಹಣ್ಣು ಬಿಡಿಸಿದ ಮೇಲೆ ಉಳಿಯುವ ಗೊನೆಯ ದಂಟಿನಿಂದ ಕಾಗದ ತಯಾರಿಸಿದರು. ಬಿದ್ದ ಹಾಳೆಯಿಂದ ತಟ್ಟೆ ಒತ್ತಿ ಮಾರುವ ನಮ್ಮ ಅಡಿಕೆ ಸೀಮೆಯವರಿಗೆ ಈ ಜಾಣತನ ಹೊಸದೇನೂ ಅಲ್ಲ. ಹಂದಿ, ದನಗಳ ಸಗಣಿಯನ್ನು ಉದ್ದನೆಯ ಪ್ಲಾಸ್ಟಿಕ್ ಚೀಲದೊಳಗೆ ಕೊಳೆಸಿ ಅಡುಗೆಗೆ ಅನಿಲ ಪಡೆಯುವ ವಿಧಾನವನ್ನೂ ಅಲ್ಲಿ ಕಲಿಸುತ್ತಾರೆ. ಅದು ನಮ್ಮ ಗೋಬರ್ ಗ್ಯಾಸಿನ ಅಗ್ಗದ ತಮ್ಮ.

ಕಾಫಿಯವರು ಗಮನಿಸಬೇಕಾದದ್ದು ಅದೇ ದೇಶದ ಟುರಿಯಾಲ್ಬಾದಲ್ಲಿದೆ. ಅಲ್ಲಿನ ಕಾಟಿಯೆ ಸಂಸ್ಥೆಯಲ್ಲಿ ಲ್ಯಾಟಿನ್ ಅಮೆರಿಕದ ಹಲವು ದೇಶಗಳ ಯುವಕರು ಸ್ನಾತಕೋತ್ತರ ಶಿಕ್ಷಣ ಪಡೆಯುತ್ತಾರೆ. 2000ನೇ ಇಸವಿಯಲ್ಲಿ ಅಲ್ಲಿ ದೀರ್ಘಾವಧಿಯ ಪ್ರಯೋಗವೊಂದನ್ನು ಹೂಡಲಾಯಿತು. ಒಂದೇ ಸ್ಥಳದಲ್ಲಿ ಬೇರೆ ಬೇರೆ ನೆರಳು ಮರಗಳ ಕೆಳಗೂ ಪೂರ್ಣ ಬಿಸಿಲಿನಲ್ಲೂ ಕಾಫಿ ಬೆಳೆದು, ರಾಸಾಯನಿಕ ಗೊಬ್ಬರವನ್ನೂ ಸಾವಯವ ಗೊಬ್ಬರವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು ನೋಡುವುದು ಅದರ ಕ್ರಮ.

ಆ ಮರಗಳಲ್ಲಿ ಮುಖ್ಯವಾದದ್ದು ಪೊರೊ. ಅದು ನಮ್ಮ ಹಾಲವಾಣದ ಜಾತಿಯದೇ. ಸಾಮಾನ್ಯವಾಗಿ ವರ್ಷಕ್ಕೆ ಎರಡು ಬಾರಿ ಮರಗಸಿ ಮಾಡಿ ಸೊಪ್ಪನ್ನು ಗಿಡದ ಬುಡಕ್ಕೇ ಬಿಡುತ್ತಾರೆ. ದಟ್ಟವಾಗಿ ನೆಟ್ಟ ತೋಟದಲ್ಲಿ ಈ ಸೊಪ್ಪಿನ ಮೂಲಕ ಹೆಕ್ಟೇರಿಗೆ ವರ್ಷಕ್ಕೆ 300 ಕಿಲೋ ಆಸುಪಾಸು ಸಾರಜನಕ ನೆಲಕ್ಕೆ ಬೀಳುವುದನ್ನು ಟುರಿಯಾಲ್ಬಾದಲ್ಲಿ ಅಳೆದಿದ್ದಾರೆ. ಹಾಗೆಂದು ಯೂರಿಯಾ ಪೂರ್ತಿ ಬಿಡಬಹುದೆಂದು ಯಾರೂ ಭಾವಿಸಬಾರದು. ಅದರಲ್ಲಿ ಒಂದು ಪಾಲು ಮಾತ್ರ ಬೇರಿನ ಗಂಟುಗಳು ಗಾಳಿಯಿಂದ ಹಿಡಿದದ್ದು. ಮಿಕ್ಕದ್ದು ಅದೇ ಮಣ್ಣಿನಿಂದ ಮೇಲೇರಿ ಮತ್ತೆ ಕೆಳಗಿಳಿದದ್ದು. ಕಾಫಿ ಹಣ್ಣಿನೊಂದಿಗೆ ತೋಟದಿಂದ ಹೊರಹೋದದ್ದನ್ನು ನಾವು ತುಂಬಿಕೊಡಲೇಬೇಕು.

ಹಾಲವಾಣ ನಮ್ಮಲ್ಲಿ ಅಜ್ಜಂದಿರ ಕಾಲದಿಂದಲೂ ಇದ್ದ ಮರ. 2005–06ರ ಸುಮಾರಿಗೆ ದಕ್ಷಿಣ ಭಾರತದಲ್ಲಿ ಕಾಣಿಸಿಕೊಂಡ ಗಂಟುಕಣಜ ಅದರ ಎಲೆ, ತೊಟ್ಟು, ಚಿಗುರುಗಳಲ್ಲಿ ಗಂಟೆಬ್ಬಿಸಿ ಅನೇಕ ತೋಟಗಳಲ್ಲಿ ಮರಗಳನ್ನೇ ಒಣಗಿಸಿತು. ಮೆಣಸಿನ ಬಳ್ಳಿ ಹಬ್ಬಿಸಿದ್ದವರಿಗೆ ಇಮ್ಮಡಿ ನಷ್ಟ. ಖಾಲಿಬಿದ್ದ ಜಾಗಕ್ಕೆ ಸಿಲ್ವರ್ ಓಕ್ ನೆಟ್ಟವರು ಬಹಳ ಮಂದಿ. ಅದು ಬೇಗ ಬೆಳೆಯುತ್ತದೆ, ಮರಕ್ಕೆ ಬೆಲೆಯೂ ಬರುತ್ತದೆ. ಆದರೆ ಹಾಲವಾಣದಂತೆ ಸಾರಜನಕ ಹಿಡಿಯುವ ಮರವಲ್ಲ, ಅದರ ಎಲೆ ಕೊಳೆಯುವುದೂ ನಿಧಾನ. ಹಾಲವಾಣ ಇನ್ನೂ ಉಳಿದಿರುವ ತೋಟಗಳವರು ಹೊಸ ಗೂಟ ನೆಡುವಾಗ ಗಂಟು ಕಾಣದ, ಆರೋಗ್ಯವಾದ ಮರದಿಂದಲೇ ಕಡಿದುಕೊಳ್ಳಬೇಕು. ಗಂಟು ಬಿದ್ದ ಚಿಗುರನ್ನು ತೋಟದಲ್ಲಿ ಬಿಡದೆ ಸುಟ್ಟುಹಾಕಬೇಕು.